ದೆಹಲಿಯಲ್ಲಿ ಕೇಳುವ ನ್ಯಾಯ ಬೆಂಗಳೂರಿಗೂ ಸಲ್ಲಲಿ

1948ರ ಆಗಸ್ಟಿನಲ್ಲಿ ಬಸವಕಲ್ಯಾಣ ಸೀಮೆಯ ಮೋರಖಂಡಿಯಲ್ಲಿ ಒಂದು ಮಗು ಹುಟ್ಟಿತೆಂದು ಇಟ್ಟುಕೊಳ್ಳೋಣ. ಹುಟ್ಟಿದಾಗ ಅದು ನಿಜಾಮನ ಪ್ರಜೆ. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾಗಿ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಸೇನಾ ಆಡಳಿತ ಬಂತು. 1950ರ ಜನವರಿ 26ಕ್ಕೆ ಹೈದರಾಬಾದ್ ಭಾರತ ಗಣರಾಜ್ಯದ ‘ಬಿ’ ವರ್ಗದ ರಾಜ್ಯವಾಯಿತು. 1956ರ ನವೆಂಬರ್ 1ರಂದು, ಮಗುವಿಗೆ ಎಂಟು ತುಂಬಿದ ಮೇಲೆ, ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು, 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಇಷ್ಟೆಲ್ಲ ಆದರೂ ಮನೆ ಕದಲಲಿಲ್ಲ, ಹೊಲದ ಬದು ಕದಲಲಿಲ್ಲ.

ಒಂದೇ ಆಯುಷ್ಯದಲ್ಲಿ ಇಷ್ಟು ಸರ್ಕಾರಗಳನ್ನು ಕಂಡವರಿಗೆ ಸಂವಿಧಾನ, ಒಕ್ಕೂಟ ಎಂಬ ಮಾತುಗಳು ಶಾಲೆಯ ಪೌರನೀತಿ ಪಾಠವಾಗಿ ಉಳಿಯುವುದಿಲ್ಲ. ‘ನನ್ನ ಕಷ್ಟ ಯಾರಿಗೆ ಹೇಳಲಿ? ಅವರು ಕೇಳದಿದ್ದರೆ ಅವರ ಮೇಲೆ ಯಾರಿದ್ದಾರೆ?’ ಎಂಬ ಪ್ರಶ್ನೆಗೆ ಪ್ರತಿ ಕಾಲವೂ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರಗಳನ್ನೇ ಹಿಡಿದು ಈ ವಿಷಯವನ್ನು ಬಿಡಿಸಲು ನೋಡುತ್ತೇನೆ.

ಕಲ್ಯಾಣಿ, ಅಂದರೆ ಇಂದಿನ ಬಸವಕಲ್ಯಾಣ, ಆಗ ನವಾಬರ ಜಾಗೀರು. ಜಾಗೀರಿನಲ್ಲಿ ಕಂದಾಯ ವಸೂಲಿ, ಪೊಲೀಸು, ಪಂಚಾಯ್ತಿ ಎಲ್ಲದರ ಕೊನೆಯ ಮಾತು ಜಾಗೀರದಾರನ ಕಡೆಯದ್ದು. ಅವನ ಮೇಲೆ ನಿಜಾಮ, 1947ರವರೆಗೆ ನಿಜಾಮನ ಮೇಲೆ ಬ್ರಿಟಿಷ್ ರೆಸಿಡೆಂಟ್. ಈ ಸರಪಳಿಯಲ್ಲಿ ಒಬ್ಬರೂ ರೈತನಿಗೆ ಉತ್ತರ ಕೊಡಬೇಕಾದವರಲ್ಲ. 1948ರಲ್ಲಿ ಇದೇ ಸೀಮೆಯ ಗೋರ್ಟಾದಲ್ಲಿ ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರು ಜನರನ್ನು ಕೊಂದಾಗ ದೂರು ಒಯ್ಯಲು ಒಂದು ಬಾಗಿಲೂ ಇರಲಿಲ್ಲ, ಏಕೆಂದರೆ ಬಾಗಿಲು ಕಾಯಬೇಕಾದ ಸರ್ಕಾರವೇ ಅವರ ಬೆನ್ನಿಗಿತ್ತು. ಸಾಂವಿಧಾನಿಕ ಸರ್ಕಾರ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಗೋರ್ಟಾವನ್ನು ನೆನಪಿಸುತ್ತೇನೆ. ಆಳುವವನ ಕೈಯನ್ನೂ ಕಟ್ಟುವ ಲಿಖಿತ ಕಾನೂನು ಬೇಕು. ಅದನ್ನು ಮುರಿದರೆ ಅವನನ್ನು ಕರೆದು ನಿಲ್ಲಿಸುವ ನ್ಯಾಯಾಲಯ ಬೇಕು, ಐದು ವರ್ಷಕ್ಕೊಮ್ಮೆ ಅವನನ್ನು ಇಳಿಸುವ ಮತ ಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಬಹುಕಾಲ ನಿಲ್ಲಲಾರವು.

ಸಂವಿಧಾನ ಈ ನೆಲಕ್ಕೆ ಬಂದ ರೀತಿಯೂ ವಿಚಿತ್ರ. ಸಂವಿಧಾನ ಸಭೆಯಲ್ಲಿ ಮೈಸೂರಿನವರಿದ್ದರು, ಮುಂಬೈ ಮತ್ತು ಮದ್ರಾಸ್ ಪ್ರಾಂತ್ಯಗಳವರಿದ್ದರು, ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳಿರಲಿಲ್ಲ. 1949ರ ನವೆಂಬರ್ 23ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಂದು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಒಪ್ಪಿದರು. ಮೂರೇ ದಿನಕ್ಕೆ, 26ರಂದು, ಸಭೆ ಅದನ್ನು ಅಂಗೀಕರಿಸಿತು. ಬೀದರ್, ಕಲಬುರಗಿ, ರಾಯಚೂರಿನ ಜನರ ಹಕ್ಕುಗಳ ಹೊತ್ತಗೆ ಅವರ ಪ್ರತಿನಿಧಿಗಳಿಲ್ಲದೆ ಬರೆಯಲಾಯಿತು, ಅರಸನ ಆಜ್ಞೆಯ ಮೂಲಕ ಅವರಿಗೆ ಮುಟ್ಟಿತು. 1952ರ ಚುನಾವಣೆಯಲ್ಲಿ ಮತ ಹಾಕಿದಾಗಲೇ ಅದು ಅವರದಾಯಿತು. ಜಾಗೀರುಗಳು 1949ರ ಆಗಸ್ಟಿನಲ್ಲೇ ರದ್ದಾಗಿದ್ದವು. ಮೂರು ವರ್ಷದ ಹಿಂದೆ ಜಾಗೀರದಾರನ ಮುಂದೆ ತಲೆ ಎತ್ತದವರು ಮತಪೆಟ್ಟಿಗೆಯ ಮುಂದೆ ಅವನಿಗೆ ಸಮನಾಗಿ ನಿಂತರು.

ಇನ್ನು ಒಕ್ಕೂಟ. ಕಲ್ಯಾಣಕ್ಕೆ ಸಾಮ್ರಾಜ್ಯದ ನೆನಪು ದಟ್ಟವಾಗಿದೆ. ರಾಷ್ಟ್ರಕೂಟ ಮೂರನೇ ಗೋವಿಂದನ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿ ನಮ್ಮ ಮೋರಖಂಡಿಯೇ ಎಂಬುದು ಒಂದು ವಾದ, ನಾಸಿಕ್ ಜಿಲ್ಲೆಯ ಮಾರ್ಕಿಂಡಾ ಎಂಬುದು ಇನ್ನೊಂದು. ಆಮೇಲೆ ಕಲ್ಯಾಣವೇ ಚಾಲುಕ್ಯರ ರಾಜಧಾನಿಯಾಯಿತು. ಅವರ ಕೈಕೆಳಗೆ ಮಹಾಮಂಡಲೇಶ್ವರರಿದ್ದರು, ನಾಡುಗಳಿದ್ದವು, ಅಗ್ರಹಾರಗಳಿದ್ದವು. ಅಧಿಕಾರ ಹಂಚಿಹೋಗಿತ್ತಲ್ಲ, ಅದೂ ಒಕ್ಕೂಟವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸಾಮಂತನ ಅಧಿಕಾರ ಚಕ್ರವರ್ತಿಯ ದಯೆಯಿಂದ ಬಂದದ್ದು, ದಯೆ ತಪ್ಪಿದರೆ ಕತ್ತಿಯೇ ತೀರ್ಪು. ಮಂಗಳವೇಢೆಯ ಕಲಚುರಿ ಬಿಜ್ಜಳ ಚಾಲುಕ್ಯರ ಸಾಮಂತನಾಗಿದ್ದು ಕೊನೆಗೆ ಕಲ್ಯಾಣದ ಸಿಂಹಾಸನವನ್ನೇ ಹಿಡಿದ. ಅವನಿಗೂ ಮೂರನೇ ತೈಲಪನಿಗೂ ನಡುವೆ ನ್ಯಾಯ ಹೇಳುವ ಮೂರನೆಯವರಿರಲಿಲ್ಲ.

ಅದೇ ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಬಸವಣ್ಣ ಮತ್ತು ಶರಣರು ಕೂಡುತ್ತಿದ್ದ ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸುವುದು ಈಗ ವಾಡಿಕೆ. ಅಲ್ಲಿ ಸಮಗಾರ, ಅಂಬಿಗ, ಕಾಯಕದ ಹೆಣ್ಣುಮಕ್ಕಳು ಸರಿಸಮನಾಗಿ ಮಾತನಾಡಿದ್ದು ನಿಜವಾಗಿಯೂ ದೊಡ್ಡದು. ಆದರೆ ಕಾನೂನು ಮಾಡುವ ಶಕ್ತಿ ಶರಣರ ಕೈಯಲ್ಲಿರಲಿಲ್ಲ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಗೆ ಆ ಇಬ್ಬರು ತಂದೆಯರು ಜೀವ ತೆರಬೇಕಾಯಿತೆಂದು ಪರಂಪರೆ ಹೇಳುತ್ತದೆ. ಅರಸನ ಆ ಆಜ್ಞೆಯ ಮೇಲೆ ಮೇಲ್ಮನವಿ ಇರಲಿಲ್ಲ. ಇಂದು ಅಂಥದೇ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ರಕ್ಷಣೆ ಕೇಳಲು ಹೈಕೋರ್ಟಿನ ಕಲಬುರಗಿ ಪೀಠವಿದೆ. ಆ ಪೀಠವೂ 2008ರವರೆಗೆ ಇರಲಿಲ್ಲ. ಅದಕ್ಕೆ ಮುಂಚೆ ಬೀದರ್ ಜಿಲ್ಲೆಯವರು ರಿಟ್ ಅರ್ಜಿಗೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಶರಣರ ಧೈರ್ಯಕ್ಕೆ ಅಂದು ಸಿಗದ ಕಾವಲನ್ನು ಸಂವಿಧಾನ ಕೊಡುತ್ತದೆ ಎಂಬುದೇ ನನಗೆ ಆ ಎರಡರ ನಡುವಿನ ಗಟ್ಟಿ ಸಂಬಂಧ.

ಭಾರತದ ಒಕ್ಕೂಟ ಅಮೆರಿಕದಂತೆ ರಾಜ್ಯಗಳು ಕೂಡಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಇದನ್ನು ಸ್ಪಷ್ಟಪಡಿಸಿದರು: ಒಪ್ಪಂದದ ಫಲವಲ್ಲದ ಕಾರಣ ಯಾವ ರಾಜ್ಯಕ್ಕೂ ಹೊರಹೋಗುವ ಹಕ್ಕಿಲ್ಲ. ಅದರ ಇನ್ನೊಂದು ಮುಖ 3ನೇ ವಿಧಿ. ಸಂಸತ್ತು ಸರಳ ಬಹುಮತದಿಂದ ರಾಜ್ಯವನ್ನು ಒಡೆಯಬಹುದು, ಕೂಡಿಸಬಹುದು, ಗಡಿ ಬದಲಿಸಬಹುದು, ಹೆಸರು ಬದಲಿಸಬಹುದು. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಅದರಂತೆ ನಡೆಯಬೇಕೆಂದಿಲ್ಲ.

ಇದರ ಅರ್ಥ ಬೀದರಿನವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಬೀದರ್ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿರಲಿಲ್ಲ. ತೆಲಂಗಾಣದ ಜಿಲ್ಲೆಗಳ ಜೊತೆ ಅದನ್ನು ಉಳಿಕೆ ಹೈದರಾಬಾದ್ ರಾಜ್ಯದಲ್ಲಿ ಇಡಬೇಕೆಂದು ಆಯೋಗ ಶಿಫಾರಸು ಮಾಡಿತ್ತು. ಸಂಸತ್ತು ಬೇರೆ ದಾರಿ ಹಿಡಿದು ಜಿಲ್ಲೆಯನ್ನು ಮೂರು ಪಾಲು ಮಾಡಿತು. ಅಹ್ಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಹೆಚ್ಚು ಭಾಗ ಆಂಧ್ರಪ್ರದೇಶಕ್ಕೆ ಹೋದವು. ಉಳಿದದ್ದು ಮೈಸೂರಿಗೆ ಬಂತು. ಆಯೋಗದ ಮಾತು ನಡೆದಿದ್ದರೆ ಬಸವಣ್ಣನ ಕಲ್ಯಾಣ ಇಂದು ಕರ್ನಾಟಕದ ಭೂಪಟದಲ್ಲಿ ಇರುತ್ತಿತ್ತೋ ಇಲ್ಲವೋ. ಉದಗೀರಿನಲ್ಲಿ ಉಳಿದ ಕನ್ನಡಿಗರು, ಬಸವಕಲ್ಯಾಣದಲ್ಲಿ ಉಳಿದ ಮರಾಠಿ ಮನೆಗಳು, ಎರಡೂ ಕಡೆ ಬೀಗತನ ಮಾಡಿಕೊಂಡೇ ಬಂದಿವೆ.

ಮಾಂಜ್ರಾ ನದಿಯ ಮಾತೂ ಹೀಗೇ. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಬೀದರ್ ಹಾದು, ನಿಜಾಮಸಾಗರ ತುಂಬಿ ಗೋದಾವರಿ ಸೇರುವ ಈ ನದಿ 1956ರ ಅಕ್ಟೋಬರ್ 31ರವರೆಗೆ ಬಹುಮಟ್ಟಿಗೆ ಒಂದೇ ರಾಜ್ಯದ ಹೊಳೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಅಂತರರಾಜ್ಯ ನದಿ. ನೀರು ರಾಜ್ಯ ಪಟ್ಟಿಯ ವಿಷಯವಾದರೂ ಅಂತರರಾಜ್ಯ ನದಿಗಳ ನಿಯಂತ್ರಣದ ಅಧಿಕಾರ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಈ ನದಿಯ ಪಾಲು ತೀರ್ಮಾನವಾದದ್ದು ನ್ಯಾಯಮೂರ್ತಿ ಬಚಾವತ್ ಅಧ್ಯಕ್ಷತೆಯ ಗೋದಾವರಿ ನ್ಯಾಯಮಂಡಳಿಯಲ್ಲಿ, 1980ರಲ್ಲಿ.

3ನೇ ವಿಧಿ ರಾಜ್ಯಗಳಿಗೆ ಅನ್ಯಾಯ ಮಾಡುತ್ತದೆಂದು ನನಗೂ ಅನ್ನಿಸಿದ್ದುಂಟು. 2014ರ ಜನವರಿಯಲ್ಲಿ ಆಂಧ್ರಪ್ರದೇಶ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು, ಆದರೂ ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ನಮ್ಮ ಪಕ್ಕದ ಜಹೀರಾಬಾದು ಎರಡನೇ ಸಲ ರಾಜ್ಯ ಬದಲಿಸಿತು. ಆದರೆ ಈ ವಿಧಿ ಇಲ್ಲದಿದ್ದರೆ ಕನ್ನಡ ನಾಡು ಒಂದಾಗುವುದೂ ಇರಲಿಲ್ಲ. ಗಡಿ ತಕರಾರು ಇನ್ನೂ ಮುಗಿದಿಲ್ಲ. ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದೆ, ಅದು ಕೇಳುವ ಊರುಗಳಲ್ಲಿ ಬೀದರ್ ಜಿಲ್ಲೆಯವೂ ಇವೆ. ಎಷ್ಟು ಕಾವೇರಿದರೂ ಅದು ನ್ಯಾಯಾಲಯದ ಕಟಕಟೆಯಲ್ಲಿದೆ, ದಂಡಯಾತ್ರೆಗೆ ತಿರುಗಲಿಲ್ಲ. ಬಿಜ್ಜಳನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಅಂತರ ಅಷ್ಟರಲ್ಲೇ ಇದೆ.

ಏಳನೇ ಅನುಸೂಚಿ ಕೇಂದ್ರ, ರಾಜ್ಯ, ಸಮವರ್ತಿ ಎಂದು ಮೂರು ಪಟ್ಟಿಗಳಲ್ಲಿ ಅಧಿಕಾರ ಹಂಚುತ್ತದೆ. ಪುಸ್ತಕದಲ್ಲಿ ಓದಿದರೆ ಒಣಗಿದ ವಿಷಯ. ತೊಗರಿ ರಾಶಿಯ ಮುಂದೆ ನಿಂತು ಓದಿದರೆ ಹಾಗಿರುವುದಿಲ್ಲ. ಕೃಷಿ ರಾಜ್ಯದ ವಿಷಯ, ಮಾರುಕಟ್ಟೆ ರಾಜ್ಯದ ವಿಷಯ, ಬಸವಕಲ್ಯಾಣದ ಎಪಿಎಂಸಿ ರಾಜ್ಯದ ಕಾಯ್ದೆಯಂತೆ ನಡೆಯುತ್ತದೆ. ಆದರೆ ಬೆಂಬಲ ಬೆಲೆ ಕೇಂದ್ರ ಸಾರುತ್ತದೆ; 2024-25ರ ಹಂಗಾಮಿಗೆ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ತೊಗರಿ ತರಿಸುವ, ಸುಂಕ ಬಿಡುವ ಅಧಿಕಾರವೂ ಕೇಂದ್ರದ್ದೇ. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ. ಅದನ್ನೇ ಆಧಾರ ಮಾಡಿಕೊಂಡು 2020ರಲ್ಲಿ ಸಂಸತ್ತು ಕೃಷಿ ಕಾನೂನುಗಳನ್ನು ತಂದಿತು, 2021ರಲ್ಲಿ ಹಿಂತೆಗೆದುಕೊಂಡಿತು. ರಾಜ್ಯಗಳ ಅಧಿಕಾರವನ್ನು ಅವು ಮೀರಿದ್ದವೇ ಎಂಬ ಪ್ರಶ್ನೆಗೆ ನ್ಯಾಯಾಲಯದ ಅಂತಿಮ ಉತ್ತರ ಸಿಗಲೇ ಇಲ್ಲ. ಬೆಲೆ ಬಿದ್ದಾಗ ರೈತರು ತಹಶೀಲ್ದಾರ್ ಕಚೇರಿಯ ಮುಂದೆ ಕೂರುತ್ತಾರೆ. ಬಹಳ ಸಲ ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅಲ್ಲಿಲ್ಲ, ದೆಹಲಿಯಲ್ಲಿ ಇರುತ್ತಾರೆ. ಯಾವ ಪ್ರಶ್ನೆ ಶಾಸಕರಿಗೆ, ಯಾವುದು ಸಂಸದರಿಗೆ ಎಂಬ ತಿಳಿವಳಿಕೆ ಊರಲ್ಲಿ ಹರಡಿದರೆ ಇಬ್ಬರೂ ಪರಸ್ಪರ ಬೆರಳು ತೋರಿಸಿ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ. ಮಕ್ಕಳ ಶಿಕ್ಷಣ 1976ರ 42ನೇ ತಿದ್ದುಪಡಿಗೆ ಮುಂಚೆ ರಾಜ್ಯದ್ದೇ ಆಗಿತ್ತು, ಈಗ ಸಮವರ್ತಿ. ಹುಮನಾಬಾದ್ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿ, 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಕೇಂದ್ರದವು. ಅಲ್ಲಿಂದ ಊರೊಳಗಿನ ರಸ್ತೆಯ ಹೊಣೆ ಮಾತ್ರ ಬೇರೆಯವರದು.

ರಾಜ್ಯ ಸರ್ಕಾರಗಳ ಪ್ರಾಣ ಕೇಂದ್ರದ ಕೈಯಲ್ಲಿದ್ದ ಕಾಲವೊಂದಿತ್ತು. 1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ವರದಿ ಕಳಿಸಿದರು. ಸದನದಲ್ಲೇ ಬಲ ತೋರಿಸುತ್ತೇನೆಂದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಅವಕಾಶ ಕೊಡದೆ ಏಪ್ರಿಲ್ 21ರಂದು ಸರ್ಕಾರವನ್ನು ವಜಾ ಮಾಡಲಾಯಿತು. ಬೊಮ್ಮಾಯಿಯವರು ಹೂಡಿದ ಹೋರಾಟಕ್ಕೆ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ಬಹುಮತದ ಪರೀಕ್ಷೆ ರಾಜಭವನದಲ್ಲಿ ನಡೆಯಕೂಡದು, ಸದನದಲ್ಲಿ ನಡೆಯಬೇಕು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಒಕ್ಕೂಟ ತತ್ವ, ತಿದ್ದುಪಡಿಯಿಂದಲೂ ಕೆಡಿಸಲಾಗದ ಸಂವಿಧಾನದ ಮೂಲ ಸಂರಚನೆಯ ಭಾಗ. ಆ ಮೂಲ ಸಂರಚನೆ ಎಂಬ ತತ್ವವೂ ಕನ್ನಡದ ಮಠವೊಂದರಿಂದಲೇ ಬಂದದ್ದು: ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ 1973ರ ಪ್ರಕರಣ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ದೇಶದ ಎಲ್ಲ ರಾಜ್ಯಗಳಿಗೂ ಒಂದು ರಕ್ಷೆ ಸಿಕ್ಕಿತು. ಒಬ್ಬ ಕನ್ನಡಿಗ ರಾಜಕಾರಣಿಯ ಬಗ್ಗೆ ನಾನು ಕೃತಜ್ಞತೆಯಿಂದ ಹೇಳುವ ಮಾತುಗಳಲ್ಲಿ ಇದು ಮೊದಲನೆಯದು.

ಈಗ ಹಣದ ಮಾತು. ಕರ್ನಾಟಕದ ಅಸಮಾಧಾನ ಎಲ್ಲರಿಗೂ ಗೊತ್ತು. ಕೇಂದ್ರ ಹಂಚುವ ತೆರಿಗೆಯಲ್ಲಿ ರಾಜ್ಯಗಳ ನಡುವಿನ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಸೆಸ್ಸು, ಸರ್‌ಚಾರ್ಜುಗಳು ಹಂಚಿಕೆಗೆ ಬರುವುದೇ ಇಲ್ಲ. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರಿನಲ್ಲಿ ಧರಣಿ ಕೂತರು. ಅವರ ವಾದದಲ್ಲಿ ಹುರುಳಿದೆ. ಆದರೆ ಪಾಲು ಇಳಿದದ್ದರ ಮುಖ್ಯ ಕಾರಣವನ್ನು ಬೀದರಿನಿಂದ ನೋಡಿದರೆ ಬೇರೆ ಬಣ್ಣ ಕಾಣುತ್ತದೆ. 15ನೇ ಆಯೋಗ ಶೇ 45ರಷ್ಟು ತೂಕ ಕೊಟ್ಟದ್ದು ಆದಾಯದ ಅಂತರಕ್ಕೆ: ರಾಜ್ಯದ ತಲಾ ಆದಾಯ ಹೆಚ್ಚಿದಷ್ಟೂ ಪಾಲು ಕಡಿಮೆ. ಕರ್ನಾಟಕದ ತಲಾ ಆದಾಯವನ್ನು ಎತ್ತಿದ್ದು ಬೆಂಗಳೂರು. ಬಸವಕಲ್ಯಾಣದಲ್ಲಿ ಸೋಯಾ ಬಿತ್ತುವವರ, ಹಂಗಾಮು ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರ ಗಳಿಕೆ ಆ ಸರಾಸರಿಯ ಹತ್ತಿರಕ್ಕೂ ಬರುವುದಿಲ್ಲ. ಸರಾಸರಿಯ ಹೆಸರಿನಲ್ಲಿ ಅವರನ್ನೂ ಶ್ರೀಮಂತರೆಂದು ಎಣಿಸಿ ಪಾಲು ಕತ್ತರಿಸಲಾಯಿತು. ಬೆಂಗಳೂರು ಗಳಿಸಿದ್ದಕ್ಕೆ ಬೀದರ್ ಬೆಲೆ ತೆತ್ತಿತು. ಹಾಗಿದ್ದ ಮೇಲೆ ಆ ಗಳಿಕೆಯಲ್ಲಿ ಪಾಲು ಕೇಳುವ ಹಕ್ಕೂ ಬೀದರಿಗಿದೆ.

ರಾಜ್ಯದೊಳಗಿನ ಈ ಅಂತರವನ್ನು ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. 2002ರ ಅವರ ಸಮಿತಿಯ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ವೈಜನಾಥ ಪಾಟೀಲರಂಥವರು ಆಂಧ್ರದ 371ಡಿ ಮಾದರಿ ಹಿಡಿದು ದಶಕಗಟ್ಟಲೆ ಹೋರಾಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿ 371ಜೆ ವಿಧಿ ಬಂತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ನ್ಯಾಯಯುತ ಹಣ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಅವಕಾಶ ಇವು ಅದರ ಜೀವಾಳ. ಅದರಡಿಯ 2013ರ ಆದೇಶಗಳ ಪ್ರಕಾರ ಈ ಭಾಗದ ಸಂಸ್ಥೆಗಳಲ್ಲಿ ಶೇ 70 ಸೀಟು, ಸಿ ವೃಂದದ ಹುದ್ದೆಗಳಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಸ್ಥಳೀಯರಿಗೆ. ರಾಜ್ಯದ ಉಳಿದೆಡೆ ಶೇ 8.

ಒಂದೇ ರಾಜ್ಯದೊಳಗೆ ಕೆಲವು ಜಿಲ್ಲೆಗಳಿಗೆ ಬೇರೆ ನಿಯಮವೇ ಎಂದು ಆಕ್ಷೇಪಿಸುವವರಿದ್ದಾರೆ. ಒಬ್ಬ ತಾಯಿ ಜ್ವರ ಬಂದ ಮಗುವಿಗೆ ಬೇರೆ ಅಡುಗೆ ಮಾಡಿದರೆ ಉಳಿದ ಮಕ್ಕಳಿಗೆ ಅನ್ಯಾಯವಾಗುವುದಿಲ್ಲ. ನಮ್ಮ ಸಂವಿಧಾನ ನಾಗಾಲ್ಯಾಂಡಿಗೆ ಒಂದು, ಮಿಜೋರಾಮಿಗೆ ಒಂದು, ವಿದರ್ಭ ಮರಾಠವಾಡಕ್ಕೆ ಇನ್ನೊಂದು ವಿಧಿ ಇಟ್ಟುಕೊಂಡೇ ಒಂದಾಗಿದೆ. ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದು ಊರಿಗೆ ಮೊದಲ ಡಾಕ್ಟರ್, ಮೊದಲ ಎಂಜಿನಿಯರ್ ಆದ ಮಕ್ಕಳ ಮನೆಗಳಲ್ಲಿ ಈ ವಿಧಿಯ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ನನ್ನ ಕೊರಗು ಬೇರೆ ಇದೆ. ಮಂಡಳಿಗೆ ಬಜೆಟ್‌ಗಳಲ್ಲಿ 3,000 ಕೋಟಿ, ಆಮೇಲೆ 5,000 ಕೋಟಿ ರೂಪಾಯಿ ಸಾರಲಾಯಿತು. ಆದರೆ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ, ಈ ಭಾಗದ ಜನ ಮತ ಹಾಕಿ ಆರಿಸಿದ ಸಭೆ ಅದಲ್ಲ. ಅಧಿಕಾರ ಬೆಂಗಳೂರಿನಿಂದ ಕಲಬುರಗಿಗೆ ಬಂತು, ಅಲ್ಲಿಂದ ಮುಂದೆ ಹಳ್ಳಿಗೆ ಇಳಿಯಲಿಲ್ಲ.

ಇಳಿಸುವ ದಾರಿ ಗೊತ್ತಿಲ್ಲದ ರಾಜ್ಯ ನಮ್ಮದಲ್ಲ. ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್ ಚುನಾವಣೆ ದೇಶಕ್ಕೇ ಮಾದರಿಯಾದವು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಗೆ ಅವುಗಳಿಂದ ಬಲ ಬಂತು. ಆ ತಿದ್ದುಪಡಿಯ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳಿವೆ. ಕುಡಿಯುವ ನೀರು, ಪ್ರಾಥಮಿಕ ಶಾಲೆ, ಸಣ್ಣ ನೀರಾವರಿ, ಹಳ್ಳಿಯ ರಸ್ತೆ ಎಲ್ಲ ಅಲ್ಲಿವೆ. 243ಇ ವಿಧಿ ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕು ಎನ್ನುತ್ತದೆ. ಇಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ, ಅದು ಸಂವಿಧಾನದ ಕಟ್ಟಾಜ್ಞೆ.

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಳು ಉರುಳಿದವು. ಮೂರು ಬೇರೆ ಬೇರೆ ಮುಖ್ಯಮಂತ್ರಿಗಳ ಕಾಲದಲ್ಲೂ ಆಡಳಿತಾಧಿಕಾರಿಗಳೇ ಕುರ್ಚಿಯಲ್ಲಿದ್ದರು. ಜಂತರ್ ಮಂತರಿನಲ್ಲಿ ರಾಜ್ಯದ ಹಕ್ಕು ಕೇಳಿದ ದಿನವೂ ಬೀದರ್ ಜಿಲ್ಲಾ ಪಂಚಾಯಿತಿಯಲ್ಲಿ, ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕು ಪಂಚಾಯಿತಿಗಳಲ್ಲಿ ಚುನಾಯಿತರಾದ ಒಬ್ಬ ಸದಸ್ಯರೂ ಇರಲಿಲ್ಲ. ಮೋರಖಂಡಿಯ ಶಾಲೆಯ ಮಾಡು ಸೋರಿದರೆ ಗ್ರಾಮ ಪಂಚಾಯಿತಿಯವರು ಮೇಲೆ ಬರೆಯುತ್ತಾರೆ, ಮೇಲಿರುವವರು ವರ್ಗಾವಣೆಯಾಗಿ ಹೋಗುವ ಅಧಿಕಾರಿ. ದೆಹಲಿಯ ಮುಂದೆ ಒಕ್ಕೂಟದ ಮಾತಾಡುವ ಪ್ರತಿಯೊಬ್ಬ ಮುಖ್ಯಮಂತ್ರಿಯನ್ನೂ, ಯಾವ ಪಕ್ಷದವರೇ ಇರಲಿ, ಈ ಸೀಮೆಯ ಜನ ಮೊದಲು ಕೇಳಬೇಕಾದದ್ದು ಜಿಲ್ಲಾ ಪಂಚಾಯಿತಿ ಚುನಾವಣೆಯ ತಾರೀಖನ್ನು.